ಸೀಮೆಸುಣ್ಣದ ಸೀಮೆ

ಅಕ್ಟೋಬರ್ ಬಿಸಿಲು, ಸೆತೂಬಲ್ ಊರು, ಮೂರನೆಯ ಮಹಡಿ.
ಮಾರ್ಮೆಲೊ ಹಣ್ಣು ಬೇಯಿಸಿ, ಅಷ್ಟೇ ತೂಕದ ಸಕ್ಕರೆ ಸುರಿದು
ತಿರುವಿ ತಿರುವಿ ರಟ್ಟೆ ಬಿದ್ದುಹೋದ ಮೇಲೆ
ಹನ್ನೊಂದು ಬಟ್ಟಲಿಗೆ ಹೊಯ್ದು
ಕಿಟಕಿಕಟ್ಟೆಯ ಮೇಲೆ ಒಣಗಲಿಟ್ಟಳು ಝುಲ್ಮೀರಾ.
ಇರುವೆಗಳಿಗೆ ಯಾರೂ ಓಲೆ ಕಳಿಸಿರಲಿಲ್ಲ.
ಬಂದವು.

ಸೋಸಿದ ಚಹಾದ ಬಣ್ಣ. ಕಚ್ಚುವುದಿಲ್ಲ, ಹೆದರುವುದಿಲ್ಲ,
ಬೈದರೆ ಬೇಸರವಿಲ್ಲ.
ಮುತ್ತಜ್ಜಿಯ ಕಾಲಕ್ಕೆ ಹಡಗಿನ ತಳದಲ್ಲಿ ಕೂತು
ಅರ್ಜೆಂಟೀನಾದಿಂದ ಬಂದಿಳಿದ ಪೈಕಿ.

"ಲವಂಗ ಇಡು," ಎಂದ ಕೆಳಮನೆಯ ಫಿರ್ಮೀನೊ
ಮೆಟ್ಟಿಲಲ್ಲೇ ನಿಂತು, ಮೂಗೊರೆಸುತ್ತ.
"ನಮ್ಮಮ್ಮ ಇಡುತ್ತಿದ್ದಳು. ನಾನು ಮದುವೆಯಾಗಿ ಹೊರಬೀಳುವವರೆಗೆ
ಒಂದಿರುವೆ ಕಂಡವನಲ್ಲ."
"ನಿಮ್ಮಮ್ಮನ ಮನೆಯಲ್ಲಿ ಸಕ್ಕರೆ ಎಲ್ಲಿತ್ತು, ಫಿರ್ಮೀನೊ?"
ಅವನು ಎರಡು ಮೆಟ್ಟಿಲು ಇಳಿದು, ನಿಂತು, ಯೋಚಿಸಿದ.
"ಅದೂ ಹೌದು."

ಮೂವತ್ತೊಂದು ವರ್ಷ ಲೆಕ್ಕ ಕಲಿಸಿದವಳು.
ಹಳೆಯ ಹಾಜರಿ ಪುಸ್ತಕ ತೆಗೆದು, ಮಕ್ಕಳ ಹೆಸರಿರಬೇಕಾದ ಕಡೆ
ಮದ್ದುಗಳ ಹೆಸರು ಬರೆದಳು:
ಲವಂಗ, ದಾಲ್ಚಿನ್ನಿ ಪುಡಿ, ಕಾಫಿಯ ಚರಟ,
ನಿಂಬೆ ಸಿಪ್ಪೆ, ವಿನೆಗರ್, ಸೀಮೆಸುಣ್ಣ.
ಎದುರಿಗೆ ಗಂಟೆ, ದಾಟಿದವರ ಸಂಖ್ಯೆ,
ಕೊನೆಗೆ ಅಗಲವಾದ ಒಂದು ಕಲಮು: ಷರಾ.
ಹನ್ನೊಂದನೆಯ ಬಟ್ಟಲಿಗೆ ಮಾತ್ರ ಏನೂ ಇಲ್ಲ.
ಅದು ಬೇಕಂತಲೇ ಅನಾಥ.

ಕಾಫಿಯ ಚರಟವನ್ನು ಗುಡ್ಡ ಹತ್ತಿದ ಹಾಗೆ ಹತ್ತಿದವು.
ನಿಂಬೆಗೆ ಅರ್ಧ ಗಂಟೆ ಮರ್ಯಾದೆ ಕೊಟ್ಟವು.
ದಾಲ್ಚಿನ್ನಿಯ ಅಂಚಿಗೆ ಬಂದು ಮೀಸೆ ಆಡಿಸಿ
ಸುತ್ತಿ ಬಳಸಿ, ಗೋಡೆ ಹಿಡಿದು, ಒಳಗೆ.
ವಿನೆಗರ್ ಒರೆಸಿದಾಗ ದಾರಿಯೇ ಅಳಿಸಿತು;
ಬಾಯಲ್ಲಿ ತುಣುಕು ಕಚ್ಚಿಕೊಂಡ ಒಂದು
ನಿಂತಲ್ಲೇ ತಿರುಗುತ್ತಿತ್ತು, ಗಡಿಯಾರ ನೋಡಿ ಹತ್ತು ನಿಮಿಷ.
ಷರಾ: ಕೆಲಸ ಮಾಡುತ್ತದೆ, ಸಂಜೆಯವರೆಗೆ.

ಕೊನೆಗೆ ಸೀಮೆಸುಣ್ಣ.
ನಿವೃತ್ತಿಯ ದಿನ ಜೇಬಿಗಿಳಿಸಿ ತಂದ ತುಂಡು.
ಒಂದೇ ಉಸಿರಿಗೆ, ಕೈ ನಡುಗದ ಹಾಗೆ
ಬಟ್ಟಲ ಸುತ್ತ ಸೀಮೆ ಎಳೆದಳು.
ಮಾರನೆಯ ಬೆಳಿಗ್ಗೆ: ಸೊನ್ನೆ.
ಮಧ್ಯಾಹ್ನ: ಸೊನ್ನೆ.
ಫಿರ್ಮೀನೊನನ್ನು ಕೂಗಲೆಂದು ಬಾಗಿಲ ತನಕ ಹೋದವಳು
ತಿರುಗಿ ಬಂದು ಹನ್ನೊಂದನೆಯದನ್ನು ನೋಡಿದಳು.

ಅಲ್ಲೂ ಸೊನ್ನೆ.

ರಾತ್ರಿ ಸಾದೊ ನದಿಯ ಕಡೆಯಿಂದ ತಣ್ಣನೆ ಗಾಳಿ ಬೀಸಿತ್ತು, ಅಷ್ಟೆ.
ಗಾಳಿಗೆ ಹೋದದ್ದನ್ನು ಗೆರೆಯ ಲೆಕ್ಕಕ್ಕೆ ಬರೆಯುವುದೆ?
ಎಷ್ಟು ಸಲ ಬರೆದಿದ್ದೇನೋ ಹಾಗೆ, ಎಂದುಕೊಂಡಳು:
ಹಿಂದಿನ ಬೆಂಚಿನ ಔರೇಲಿಯೊ ಮಗ್ಗಿ ಕಲಿತದ್ದು
ನನ್ನ ಗದರಿಕೆಯಿಂದ ಎಂದು.
ಆ ವರ್ಷವೇ ಅವನ ಅಕ್ಕ ಮನೆಗೆ ಮರಳಿದ್ದಳು.

ಬೋರಾಕ್ಸ್ ಒಂದುಂಟು. ಸಕ್ಕರೆನೀರಲ್ಲಿ ಕಲಸಿ
ಬಾಟಲಿ ಮುಚ್ಚಳದಲ್ಲಿ ಇಡಬೇಕು. ಅಲ್ಲೇ ಕೊಲ್ಲುವುದಿಲ್ಲ.
ಕುಡಿದದ್ದನ್ನು ಗೂಡಿಗೆ ಹೊತ್ತು
ಬಾಯಿಂದ ಬಾಯಿಗೆ ಹಂಚುತ್ತವೆ.
ಹಂಚುವುದರಿಂದಲೇ ಕೆಲಸ ಮಾಡುತ್ತದೆ ಅದು.
ಅದನ್ನೂ ಇಟ್ಟಳು. ಆರು ದಿನ. ಸಾಲು ತೆಳುವಾಯಿತು, ತುಂಡಾಯಿತು, ನಿಂತಿತು.
ಷರಾ ಕಲಮಿನಲ್ಲಿ 'ಹೌದು' ಎಂದು ಬರೆದದ್ದು
ಇಡೀ ಪುಸ್ತಕದಲ್ಲೇ ಅತಿ ಸಣ್ಣ ಅಕ್ಷರ.

ಮೂರನೆಯ ವಾರ ಮತ್ತೆ ಬಂದವು, ಪಕ್ಕದ ಮನೆಯಿಂದ.
ಇಲ್ಲಿಂದ ಇಟಲಿಯ ಕರಾವಳಿಯವರೆಗೆ ಒಂದೇ ಒಕ್ಕಲಂತೆ;
ಎದುರಾದರೆ, ನೀನು ಯಾರ ಪೈಕಿ ಎಂದು ಕೇಳುವುದಿಲ್ಲವಂತೆ.
ಅವಕ್ಕೆ ಯಾವ ಸೀಮೆ, ಯಾವ ಸುಣ್ಣ.

ಈಗ ಬಟ್ಟಲುಗಳು ತಟ್ಟೆಯ ನೀರಿನ ನಡುವೆ ನಿಂತಿವೆ.
ಬರಿಯ ನಲ್ಲಿ ನೀರು.
ದಿನಾ ತುಂಬಿದರೆ ದಾಟುವುದಿಲ್ಲ, ಮರೆತ ದಿನ ದಾಟುತ್ತವೆ.
ಫಿರ್ಮೀನೊಗೆ ಇದು ರುಚಿಸಲಿಲ್ಲ.
"ಮದ್ದು ಅಂದಮೇಲೆ ವಾಸನೆಯಾದರೂ ಬೇಡವೆ?"
ಅವಳು ವಾದಕ್ಕಿಳಿಯಲಿಲ್ಲ.
ಹನ್ನೊಂದನೆಯ ಬಟ್ಟಲನ್ನು ಅವನ ಕೈಗಿಟ್ಟಳು,
ನಡುವೆ ಒಂದು ಲವಂಗ ಚುಚ್ಚಿ.